ಡ್ರೈ ನೀಡ್ಲಿಂಗ್: ಹಳೆಯ ಸ್ನಾಯು ನೋವು, ನರ ನೋವಿಗೆ ಔಷಧವಿಲ್ಲದ ಸೂಜಿ

ತೊಗರಿಯ ರಾಶಿ ಮುಗಿದು ಕಬ್ಬಿನ ಕಟಾವು ಇನ್ನೂ ನಡೆದಿರುವ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿಯೂ, ಇವುಗಳಿಂದ ಬೇರ್ಪಟ್ಟ ಹುಲಸೂರು ಮತ್ತು ಚಿಟಗುಪ್ಪ ತಾಲ್ಲೂಕುಗಳಲ್ಲಿಯೂ "ಟೊಂಕ ಹಿಡಿದಿದೆ", "ನರ ಎಳೆಯುತ್ತಿದೆ" ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ದಿನವಿಡೀ ಬಾಗಿ ಕಳೆ ತೆಗೆಯುವ ಮಹಿಳೆಯರು, ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡುವ ಮೆಕ್ಯಾನಿಕರು, ರಾಷ್ಟ್ರೀಯ ಹೆದ್ದಾರಿ 65ರಲ್ಲಿ ರಾತ್ರಿಯಿಡೀ ವಾಹನ ಓಡಿಸುವ ಚಾಲಕರು, ಹೈದರಾಬಾದ್ ಮತ್ತು ಪುಣೆಯ ಕಟ್ಟಡ ಕೆಲಸದಿಂದ ಊರಿಗೆ ಮರಳಿದ ಕೂಲಿಕಾರರು, ಇವರೆಲ್ಲರ ದೂರು ಬಹುಮಟ್ಟಿಗೆ ಒಂದೇ. ಅವರ ಮುಂದಿದ್ದ ದಾರಿಗಳೂ ಕೆಲವೇ: ಔಷಧ ಅಂಗಡಿಯ ನೋವಿನ ಗುಳಿಗೆ, ಯಾರೋ ಹಾಕುವ ಇಂಜೆಕ್ಷನ್, ಇಲ್ಲವೇ ಕಾಯಿಸಿದ ಕಬ್ಬಿಣದ ಬರೆ. ಈಗ ಖಾಸಗಿ ಫಿಸಿಯೋಥೆರಪಿ ಕೇಂದ್ರಗಳ ಫಲಕಗಳಲ್ಲಿ ಡ್ರೈ ನೀಡ್ಲಿಂಗ್ ಎಂಬ ಹೊಸ ಹೆಸರು ಕಾಣಿಸಿಕೊಳ್ಳುತ್ತಿದೆ. ಅದನ್ನು ಮಾಡಿಸಿಕೊಳ್ಳಬಹುದೇ ಎಂದು ಗ್ರಾಮಸ್ಥರು ಮೊದಲು ಕೇಳುವುದು ಬಹಳ ಸಲ ತಮ್ಮ ವಾರ್ಡಿನ ಸದಸ್ಯರನ್ನೇ. ಸದಸ್ಯರು ವೈದ್ಯರಾಗಬೇಕಿಲ್ಲ. ಆದರೆ ಈ ಸೂಜಿ ಯಾವ ನೋವಿಗೆ, ಯಾರ ಕೈಯಿಂದ, ಯಾವಾಗ ಬೇಡ ಎಂಬುದು ತಿಳಿದಿದ್ದರೆ ಒಂದು ಕುಟುಂಬದ ಹಣವೂ ಕೆಲವೊಮ್ಮೆ ಒಂದು ಕಾಲೂ ಉಳಿಯುತ್ತದೆ.

ಸೂಜಿಯ ಸ್ವರೂಪ

ಇಂಜೆಕ್ಷನ್ ಸೂಜಿ ಕೊಳವೆಯಂತೆ ಟೊಳ್ಳು. ಅದರ ಕೆಲಸ ಔಷಧವನ್ನು ದೇಹದೊಳಗೆ ಸಾಗಿಸುವುದು. ಡ್ರೈ ನೀಡ್ಲಿಂಗ್‌ನಲ್ಲಿ ಬಳಸುವುದು ಗಟ್ಟಿಯಾದ, ಸಾಮಾನ್ಯವಾಗಿ 0.25ರಿಂದ 0.30 ಮಿಲಿಮೀಟರ್ ದಪ್ಪದ ಉಕ್ಕಿನ ಎಳೆ. ಅದರಲ್ಲಿ ಯಾವ ಔಷಧವೂ ಇರುವುದಿಲ್ಲ. ಆದ್ದರಿಂದಲೇ ಅದು ಒಣ ಸೂಜಿ. "ಈ ಸೂಜಿಯಲ್ಲಿ ಒಳ್ಳೆಯ ಔಷಧ ಹಾಕಿದ್ದೇನೆ" ಎಂದು ಯಾರಾದರೂ ಹೇಳಿದರೆ ಅವರು ಮಾಡುತ್ತಿರುವುದು ಡ್ರೈ ನೀಡ್ಲಿಂಗ್ ಅಲ್ಲ ಎಂಬಷ್ಟನ್ನು ಅಲ್ಲಿಯೇ ತಿಳಿಯಬಹುದು. ರಕ್ತ ತೆಗೆಯುವ ಹಿಜಾಮಾ ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲ. ಅಕ್ಯುಪಂಕ್ಚರಿನ ಸೂಜಿ ಇದೇ ಬಗೆಯದು. ಆದರೆ ಅಲ್ಲಿ ಚುಚ್ಚುವ ಸ್ಥಾನಗಳನ್ನು ಪ್ರಾಚೀನ ಚೀನೀ ಶಾಸ್ತ್ರ ನಿರ್ಧರಿಸುತ್ತದೆ, ಇಲ್ಲಿ ಫಿಸಿಯೋಥೆರಪಿಸ್ಟರು ಬೆರಳಿನಿಂದ ಒತ್ತಿ ಸ್ನಾಯುವಿನಲ್ಲಿ ಗಂಟನ್ನು ಹುಡುಕುತ್ತಾರೆ.

ಈ ಗಂಟಿನ ಸಂಗತಿ ಕುತೂಹಲಕರವಾದುದು. ಅತಿಯಾಗಿ ದುಡಿದ ಅಥವಾ ಒಂದೇ ಭಂಗಿಯಲ್ಲಿ ಬಹುಕಾಲ ನಿಂತ ಸ್ನಾಯುವಿನಲ್ಲಿ ಹುರಿಯಂತೆ ಬಿಗಿದ ಎಳೆಯೊಂದು ಬೆರಳಿಗೆ ಸಿಗುತ್ತದೆ. ಅದರ ಮೇಲೆ ಒಂದು ಬಿಂದುವನ್ನು ಒತ್ತಿದರೆ ರೋಗಿ ಬೆಚ್ಚಿಬೀಳುತ್ತಾನೆ. ನೋವು ಅಲ್ಲಿಯೇ ಇರಬೇಕೆಂದೇನೂ ಇಲ್ಲ. ಹೆಗಲ ಮೇಲಿನ ಸ್ನಾಯುವಿನ ಗಂಟು ಕಪೋಲದ ಮೇಲ್ಭಾಗದಲ್ಲಿ ತಲೆನೋವಾಗಿ ಕಾಣಿಸಿಕೊಳ್ಳಬಲ್ಲದು. ಹೆಗಲ ಮೂಳೆಯ ಹಿಂಬದಿಯ ಗಂಟು ಭುಜದ ಮುಂಭಾಗದಲ್ಲಿ ನೋಯುತ್ತದೆ. ಪೃಷ್ಠದ ಒಳಸ್ನಾಯುವಿನ ಗಂಟು ತೊಡೆಯ ಪಕ್ಕದಿಂದ ಕಾಲಿನವರೆಗೆ ಇಳಿದು ಥೇಟ್ ನರದ ನೋವಿನಂತೆಯೇ ತೋರುತ್ತದೆ. ಸೂಜಿ ಆ ಬಿಂದುವನ್ನು ಮುಟ್ಟಿದಾಗ ಸ್ನಾಯು ತನ್ನಷ್ಟಕ್ಕೆ ಒಮ್ಮೆ ಮಿಡಿಯುತ್ತದೆ. ಆ ಮಿಡಿತದ ನಂತರ ಬಿಗಿತ ಸಡಿಲವಾಗುವುದನ್ನು ಅನೇಕರು ಅನುಭವಿಸುತ್ತಾರೆ. ಗಂಟು ಹುಟ್ಟುವ ಬಗೆಯ ಕುರಿತು ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಈ ಗಂಟುಗಳ ನಕ್ಷೆಯನ್ನು ವಿಸ್ತಾರವಾಗಿ ಬರೆದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ಬಳಲುತ್ತಿದ್ದ ಅಧ್ಯಕ್ಷ ಕೆನಡಿಯವರಿಗೆ ಚಿಕಿತ್ಸೆ ನೀಡಿ, 1961ರಲ್ಲಿ ಅವರು ಶ್ವೇತಭವನದ ವೈದ್ಯೆಯಾದರು. ಡೇವಿಡ್ ಸೈಮನ್ಸ್ ಅವರೊಡನೆ ಬರೆದ ಅವರ ಗ್ರಂಥದ ಮೊದಲ ಸಂಪುಟ 1983ರಲ್ಲಿ ಹೊರಬಂದಿತು. ಆ ಕಾಲದಲ್ಲಿ ಗಂಟಿಗೆ ಮರಗಟ್ಟಿಸುವ ಔಷಧದ ಇಂಜೆಕ್ಷನ್ ಕೊಡುವುದು ರೂಢಿಯಾಗಿತ್ತು. ಉಪಶಮನ ಔಷಧದಿಂದಲೋ ಸೂಜಿಯಿಂದಲೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ಚೆಕೊಸ್ಲೊವಾಕಿಯಾದ ವೈದ್ಯ ಕಾರೆಲ್ ಲೆವಿಟ್. 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು, ಔಷಧವಿಲ್ಲದ ಸೂಜಿಯೇ ಬಹುಪಾಲು ರೋಗಿಗಳಲ್ಲಿ ಕೂಡಲೇ ನೋವನ್ನು ತಗ್ಗಿಸಿತೆಂದು ತೋರಿಸಿದರು.

ಎಷ್ಟು ಪ್ರಯೋಜನ?

ಕೂಡಲೇ ತಗ್ಗುವುದು ಬೇರೆ, ತಗ್ಗಿಯೇ ಉಳಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿನ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟ ನೋವಿತ್ತು ಎಂಬ ಅಂದಾಜು ಅದರ ಹಿನ್ನೆಲೆ. ಆ ಮಾರ್ಗಸೂಚಿ ಸೂಜಿ ಚಿಕಿತ್ಸೆಯನ್ನು ನೀಡಬಹುದಾದ ಚಿಕಿತ್ಸೆಗಳ ಸಾಲಿನಲ್ಲಿ ಸೇರಿಸಿದೆ. ಜೊತೆಗೆ, ಇದಕ್ಕಿರುವ ಪುರಾವೆಯ ಖಚಿತತೆ ಕಡಿಮೆ ಎಂಬುದನ್ನೂ ಸ್ಪಷ್ಟಪಡಿಸಿದೆ. ಸೊಂಟಕ್ಕೆ ಕಟ್ಟುವ ಪಟ್ಟಿ ಮತ್ತು ಎಳೆತದ ಯಂತ್ರಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಅದು ಹೇಳಿರುವುದನ್ನೂ ಗಮನಿಸಬೇಕು, ಏಕೆಂದರೆ ನಮ್ಮ ಕಡೆ ನೋವು ಬಂದ ಮರುದಿನವೇ ಜನರು ಕೊಳ್ಳುವುದು ಆ ಪಟ್ಟಿಯನ್ನು. ಕುತ್ತಿಗೆ ಮತ್ತು ಭುಜದ ಸ್ನಾಯು ನೋವಿನಲ್ಲಿಯೂ ಸೂಜಿಯ ಲಾಭ ಮುಖ್ಯವಾಗಿ ಕೆಲವು ವಾರಗಳದು. ಆ ಅವಧಿಯಲ್ಲಿ ವ್ಯಾಯಾಮ ಕಲಿತು ಸ್ನಾಯುವನ್ನು ಬಲಪಡಿಸಿಕೊಂಡವರಿಗೆ ಅದು ಸಾರ್ಥಕ. ವ್ಯಾಯಾಮ ಕಲಿಸದೆ, ಹತ್ತು ಹದಿನೈದು ಸಲದ ಸೂಜಿಗೆ ಮುಂಗಡ ಹಣ ಕೇಳುವ ಕೇಂದ್ರದಿಂದ ದೂರವಿರುವುದೇ ಲೇಸು.

ನೋವಿನ ಕಾರಣ ಹೊಲದಲ್ಲಿಯೋ ಕೆಲಸದ ಸ್ಥಳದಲ್ಲಿಯೋ ಇರುವಾಗ ಸೂಜಿ ಮಾತ್ರ ಏನು ಮಾಡೀತು? ಒಂದು ಸರಳ ಲೆಕ್ಕ ಇಲ್ಲಿದೆ. ಬಾಗಿದ ಕೂಲಿಕಾರನೊಬ್ಬ 15 ಕಿಲೋ ತೂಕದ ಮಣ್ಣಿನ ಬುಟ್ಟಿಯನ್ನು ಬೆನ್ನೆಲುಬಿನಿಂದ 40 ಸೆಂಟಿಮೀಟರ್ ಮುಂದೆ ಹಿಡಿದು ಎತ್ತುತ್ತಾನೆ ಎನ್ನೋಣ. ಅದನ್ನು ತಡೆದು ಹಿಡಿಯುವ ಬೆನ್ನಿನ ಸ್ನಾಯು ಬೆನ್ನೆಲುಬಿನ ಕೇಂದ್ರದಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಷ್ಟೇ ಇದೆ. ಸನ್ನೆಕೋಲಿನ ನಿಯಮದಂತೆ ಆ ಸ್ನಾಯು 120 ಕಿಲೋ ತೂಕದಷ್ಟು ಬಲ ಹಾಕಬೇಕು; ಬಾಗಿದ ದೇಹದ ಸ್ವಂತ ಭಾರ ಇದಕ್ಕೆ ಸೇರುವುದು ಬೇರೆ. ಅದೇ ಬುಟ್ಟಿಯನ್ನು ಮೊಣಕಾಲು ಮಡಿಸಿ ಹೊಟ್ಟೆಗೆ ತಾಗಿಸಿ, 20 ಸೆಂಟಿಮೀಟರ್ ದೂರದಲ್ಲಿ ಎತ್ತಿದರೆ ಆ ಬಲ 60 ಕಿಲೋಗೆ ಇಳಿಯುತ್ತದೆ. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ಕಾಯಕ ಬಂಧುಗಳು ಇದನ್ನು ಎರಡು ನಿಮಿಷದಲ್ಲಿ ತೋರಿಸಿಕೊಡಬಹುದು. ಖರ್ಚೇನೂ ಇಲ್ಲ.

ನರದ ನೋವು: ಎಚ್ಚರಿಕೆ ಬೇಕಾದ ಜಾಗ

ಸ್ನಾಯುವಿನ ಗಂಟು ನರದ ನೋವಿನ ವೇಷ ಧರಿಸುತ್ತದೆ ಎಂದೆವಷ್ಟೆ. ನಿಜವಾದ ನರದ ರೋಗವನ್ನು ಗಂಟೆಂದು ಭಾವಿಸಿ ಚುಚ್ಚುತ್ತಾ ಕಾಲ ಕಳೆಯುವುದು ಇದಕ್ಕಿಂತ ಹೆಚ್ಚು ಅಪಾಯಕಾರಿ. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿಗೆ ಮೊದಲು ಬೇಕಾದುದು ರಕ್ತ ಪರೀಕ್ಷೆ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಸುಕಾದ ಅಥವಾ ತಾಮ್ರಬಣ್ಣದ ಮಚ್ಚೆಯಿದ್ದು, ಮೊಣಕೈ ಬಳಿ ನರ ದಪ್ಪವಾಗಿ ನೋಯುತ್ತಿದ್ದರೆ ಅದು ಕುಷ್ಠರೋಗವಾಗಿರಬಹುದು. ಅದರ ಬಹುಔಷಧ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿದೆ, ತಡವಾದರೆ ಬೆರಳುಗಳು ಸೊಟ್ಟಗಾಗುತ್ತವೆ. ಬೆನ್ನುನೋವಿನೊಡನೆ ಸಂಜೆಯ ಜ್ವರ, ತೂಕ ಇಳಿತ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಬೆನ್ನೆಲುಬಿನ ಕ್ಷಯವನ್ನು ಶಂಕಿಸಬೇಕು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಜೋಮು ಹಿಡಿಯುವುದು, ಪಾದ ಎತ್ತಲಾಗದಂತೆ ಜೋಲುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ರೋಗಿಯನ್ನು ತಲುಪಿಸಬೇಕು. ನರದ ಮೇಲಿನ ಇಂತಹ ಒತ್ತಡಕ್ಕೆ ದಿನಗಳಲ್ಲ, ಗಂಟೆಗಳ ಲೆಕ್ಕ. ಆಶಾ ಕಾರ್ಯಕರ್ತೆಯರು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳೊಡನೆ ಈ ಲಕ್ಷಣಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಒಮ್ಮೆ ಚರ್ಚಿಸುವುದು ಯೋಗ್ಯ.

ಸೂಜಿಯಿಂದ ಒಂದೆರಡು ದಿನ ಮೈ ನೋಯುವುದು, ಸಣ್ಣದಾಗಿ ರಕ್ತ ಕಟ್ಟುವುದು, ಕೆಲವರಿಗೆ ತಲೆ ಸುತ್ತುವುದು ಸಹಜ. ವಿರಳವಾದರೂ ಗಂಭೀರವಾದ ಅಪಾಯ ಎದೆ ಮತ್ತು ಹೆಗಲಿನ ಭಾಗದಲ್ಲಿದೆ: ಸೂಜಿ ಆಳಕ್ಕಿಳಿದು ಶ್ವಾಸಕೋಶಕ್ಕೆ ತಾಗಿದರೆ ಗಾಳಿ ಎದೆಗೂಡಿಗೆ ಸೋರಿ ಶ್ವಾಸಕೋಶ ಕುಗ್ಗುತ್ತದೆ. ಚಿಕಿತ್ಸೆಯ ಕೆಲವು ಗಂಟೆಗಳ ನಂತರವೂ ಉಬ್ಬಸ ಅಥವಾ ಎದೆನೋವು ಬಂದರೆ ಆಸ್ಪತ್ರೆಗೆ ಹೋಗಬೇಕು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಗರ್ಭಿಣಿಯರು, ಚರ್ಮದಲ್ಲಿ ಸೋಂಕು ಇರುವವರು ಮೊದಲೇ ತಿಳಿಸಬೇಕು.

ಯಾರು ಮಾಡಬಹುದು, ಪಂಚಾಯಿತಿ ಏನು ನೋಡಬೇಕು

ಫಿಸಿಯೋಥೆರಪಿ ಪದವಿಯು ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಮೀರಿದ ವ್ಯಾಸಂಗ. ಡ್ರೈ ನೀಡ್ಲಿಂಗ್‌ಗೆ ಅದರ ಮೇಲೆ ಪ್ರತ್ಯೇಕ ತರಬೇತಿ ಬೇಕು; ವಾರಾಂತ್ಯದ ಶಿಬಿರದ ಪ್ರಮಾಣಪತ್ರವೊಂದನ್ನೇ ಗೋಡೆಗೆ ತೂಗುಹಾಕಿದವರಿಗೆ ಮೂಲ ಪದವಿ ಎಲ್ಲಿಯದೆಂದು ಕೇಳುವುದರಲ್ಲಿ ಅವಮಾನವಿಲ್ಲ. 2021ರ ರಾಷ್ಟ್ರೀಯ ಸಹಯೋಗಿ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆಯು ಫಿಸಿಯೋಥೆರಪಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ಇದಲ್ಲದೆ ರಾಜ್ಯದಲ್ಲಿ ಇಂತಹ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿಯಾಗಿರಬೇಕು, ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಿರಬೇಕು.

ಇಲ್ಲಿಯೇ ಗ್ರಾಮ ಪಂಚಾಯಿತಿಗಳು ಎಡವುವ ಸಾಧ್ಯತೆ ಇರುವುದು. ಮಳಿಗೆ ತೆರೆಯಲು ಪಂಚಾಯಿತಿ ನೀಡುವ ಪರವಾನಗಿ ವೈದ್ಯಕೀಯ ನೋಂದಣಿಯಲ್ಲ. ಆದರೆ ಪಂಚಾಯಿತಿಯ ಮೊಹರು ಇರುವ ಕಾಗದಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದರೆ ಹಳ್ಳಿಯ ರೋಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಪರವಾನಗಿ ಅರ್ಜಿಯೊಂದಿಗೆ ಜಿಲ್ಲಾ ನೋಂದಣಿ ಪ್ರಾಧಿಕಾರದ ಪ್ರಮಾಣಪತ್ರದ ಪ್ರತಿಯನ್ನು ಕೇಳುವ ಕ್ರಮವನ್ನು ಸೌಕರ್ಯಗಳ ಸಮಿತಿ ಇಟ್ಟುಕೊಳ್ಳಬಹುದು. ಸಮುದಾಯ ಭವನದಲ್ಲಿಯೋ ದೇವಸ್ಥಾನದ ಆವರಣದಲ್ಲಿಯೋ "ಉಚಿತ ಸೂಜಿ ಶಿಬಿರ" ನಡೆಸಲು ಸ್ಥಳ ಕೇಳಿದವರಿಗೂ ಇದೇ ಕ್ರಮ ಅನ್ವಯಿಸಲಿ. ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮುಂಚಿತವಾಗಿ ಲಿಖಿತ ಮಾಹಿತಿ ಹೋಗಲಿ. ಪ್ರತಿ ರೋಗಿಗೂ ಮೊಹರು ಒಡೆಯದ ಹೊಸ ಸೂಜಿಯನ್ನು ಅವರ ಎದುರಿನಲ್ಲಿಯೇ ತೆರೆಯಬೇಕು. ಒಬ್ಬರಿಗೆ ಬಳಸಿದ ಸೂಜಿಯನ್ನು ಸ್ಪಿರಿಟ್‌ನಿಂದ ಒರೆಸಿ ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡಬಹುದು.

ಬಳಸಿದ ಸೂಜಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ನೇರವಾಗಿ ಪಂಚಾಯಿತಿಗೇ ಸೇರಿದ ಪ್ರಶ್ನೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಕೇಂದ್ರ ಎಷ್ಟೇ ಚಿಕ್ಕದಿರಲಿ, ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಯಲ್ಲಿ ಹಾಕಿ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಒಪ್ಪಿಸಬೇಕು. ಕೂದಲೆಳೆಯಂತಹ ಈ ಸೂಜಿ ಒಣ ಕಸದ ಚೀಲ ಸೇರಿದರೆ ಕಣ್ಣಿಗೆ ಬೀಳುವುದಿಲ್ಲ. ಸಿಗುವುದು ಸ್ವಚ್ಛ ವಾಹಿನಿಯಲ್ಲಿ ದುಡಿಯುವ, ಘಟಕದಲ್ಲಿ ಕಸ ವಿಂಗಡಿಸುವ ಸ್ವಸಹಾಯ ಸಂಘದ ಮಹಿಳೆಯ ಬೆರಳಿಗೆ. ಅವರಿಗೆ ದಪ್ಪ ಕೈಗವಸು ಮತ್ತು ಹೆಪಟೈಟಿಸ್ ಬಿ ಲಸಿಕೆ ದೊರೆತಿದೆಯೇ ಎಂಬುದನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕು. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬಾರದು, ಬಾಯಿಗಿಡಬಾರದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮುಂಜಾಗ್ರತಾ ಗುಳಿಗೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಯಾವುದೇ ಸಂದರ್ಭದಲ್ಲಿ 72 ಗಂಟೆಯೊಳಗೆ ಆರಂಭಿಸಬೇಕು. ಈ ಅವಧಿಯನ್ನೂ ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ ಕಸ ವಿಂಗಡಣಾ ಘಟಕದ ಬಾಗಿಲಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿಸತಕ್ಕದ್ದು.