ಮೂತ್ರಪಿಂಡದ ರೋಗವುಳ್ಳ ನಾಯಿಗೆ ಪಥ್ಯ

ಮಗುವಿಗೆ ಜ್ವರ ಬಂದರೆ ಗಂಜಿಯನ್ನೂ, ಮುದುಕರಿಗೆ ಅಜೀರ್ಣವಾದರೆ ತಿಳಿಮಜ್ಜಿಗೆಯನ್ನೂ ಸಿದ್ಧಪಡಿಸಲು ಬಲ್ಲವರು ನಮ್ಮ ಸೋದರಿಯರಲ್ಲಿ ಅನೇಕರಿದ್ದಾರೆ. ರೋಗಿಗಳ ಪಥ್ಯವನ್ನು ಗೃಹಶಾಸ್ತ್ರದ ಪಾಠದಲ್ಲಿ ಕಲಿತವರೂ ಉಂಟು. ಆದರೆ ಬಾಗಿಲಲ್ಲಿ ಮಲಗಿರುವ ನಾಯಿಗೂ ಪಥ್ಯವೆಂಬುದೊಂದು ಇದೆಯೆಂದು ಎಣಿಸುವವರು ವಿರಳ. ಮಿಕ್ಕ ಅನ್ನಕ್ಕೆ ಮಿಕ್ಕ ಸಾರನ್ನು ಕಲಸಿ ಹಾಕಿದರೆ ಅದರ ಊಟವು ಮುಗಿಯಿತು. ನಾನೂ ಒಂಬತ್ತು ವರ್ಷಗಳವರೆಗೆ ಹಾಗೆಯೇ ಮಾಡಿದೆನು.

ಒಂದು ಬೇಸಗೆಯಲ್ಲಿ ನಮ್ಮ ನಾಯಿಯು ಬಹಳವಾಗಿ ನೀರು ಕುಡಿಯಹತ್ತಿತು. ರಾಯಚೂರಿನ ಬಿಸಿಲು 40 ಡಿಗ್ರಿಯನ್ನು ಮೀರುವಾಗ ಯಾವ ಪ್ರಾಣಿ ತಾನೇ ಕುಡಿಯದು ಎಂದುಕೊಂಡು ಸುಮ್ಮನಿದ್ದೆವು. ಆ ಮೇಲೆ ಅದು ರಾತ್ರಿ ಪಡಸಾಲೆಯಲ್ಲಿಯೇ ಮೂತ್ರಮಾಡತೊಡಗಿತು. ನೆಲವನ್ನು ತೊಳೆದು ತೊಳೆದು ಬೇಸತ್ತ ನಾನು ಸಂಜೆಯಾದೊಡನೆ ನೀರಿನ ಬೋಗುಣಿಯನ್ನು ಎತ್ತಿಡುತ್ತಾ ಬಂದೆನು. ಕೆಲವು ದಿನಗಳಲ್ಲಿಯೇ ನಾಯಿಯು ವಾಂತಿಮಾಡಿ ಏಳಲಾರದೆ ಬಿದ್ದಿತು. ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ, ಮೂತ್ರಪಿಂಡಗಳು ಕೆಟ್ಟಿವೆ ಎಂದರು, ನೀರಿನ ಸಂಗತಿಯನ್ನು ಕೇಳಿದ ಮೇಲೆ, "ಅಮ್ಮಾ, ಕುಡಿಯುವುದರಿಂದ ಅದು ಮೂತ್ರಮಾಡುತ್ತಿಲ್ಲ, ಮೂತ್ರದಲ್ಲಿ ನೀರು ಹೋಗಿಬಿಡುವುದರಿಂದ ಕುಡಿಯುತ್ತಿದೆ" ಎಂದರು. ಈ ಒಂದು ಮಾತನ್ನು ಮೊದಲೇ ತಿಳಿದಿದ್ದರೆ ಆ ಮೂಕಪ್ರಾಣಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಅದೇ ಕಾರಣ.

ನಾಯಿಯ ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಅತಿ ಸೂಕ್ಷ್ಮವಾದ ಜರಡಿಗಳು ಸುಮಾರು 4 ಲಕ್ಷವಿರುತ್ತವೆ. ಇವು ಕೆಡುತ್ತಾ ಹೋದರೂ ಉಳಿದವು ಕೆಲಸವನ್ನು ಹೊತ್ತುಕೊಳ್ಳುವುದರಿಂದ ಬಹುಕಾಲ ಯಾವ ಚಿಹ್ನೆಯೂ ತೋರದು. ಮೂರರಲ್ಲಿ ಎರಡು ಪಾಲು ಕೆಟ್ಟಾಗ ಮೂತ್ರವನ್ನು ಗಟ್ಟಿಮಾಡುವ ಶಕ್ತಿಯು ತಪ್ಪಿ, ನೀರು ತಡೆಯಿಲ್ಲದೆ ಹೊರಟುಹೋಗುತ್ತದೆ. ನಾಲ್ಕರಲ್ಲಿ ಮೂರು ಪಾಲು ಕೆಟ್ಟಾಗ ಹೊರಗೆ ಹೋಗತಕ್ಕ ಕಲ್ಮಷವು ರಕ್ತದಲ್ಲಿಯೇ ನಿಲ್ಲುತ್ತದೆ. ಆಗ ವಾಂತಿ, ಬಾಯಿಯ ದುರ್ಗಂಧ, ಊಟದಲ್ಲಿ ಅರುಚಿ, ಮೈ ಇಳಿಯುವುದು ಇವೆಲ್ಲವೂ ಕಾಣುವವು. ಕೆಟ್ಟ ಜರಡಿಯು ಮತ್ತೆ ಹುಟ್ಟದು. ಆದಕಾರಣ ಉಳಿದಿರುವವನ್ನು ಕಾಪಾಡಿಕೊಳ್ಳುವುದೊಂದೇ ಉಪಾಯ.

ಬೇಸಗೆಯ ಬಾಯಾರಿಕೆಯೋ ರೋಗದ ಬಾಯಾರಿಕೆಯೋ ಎಂಬುದನ್ನು ಅಳತೆಯಿಂದ ಊಹಿಸಬಹುದು. ದಿನವೊಂದಕ್ಕೆ, ನಾಯಿಯ ತೂಕದ ಕಿಲೋಗ್ರಾಮೊಂದಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು ನೀರನ್ನು ಕುಡಿದರೆ, ಅಂದರೆ 10 ಕಿಲೋಗ್ರಾಮಿನ ನಾಯಿಯು ಒಂದು ಲೀಟರನ್ನು ಮೀರಿದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕದ್ದು. ನೀರನ್ನು ಮಾತ್ರ ಎಂದಿಗೂ ತಡೆಯಕೂಡದು.

ಈ ರೋಗಕ್ಕೆ ಪಥ್ಯವನ್ನು ಕಂಡುಹಿಡಿದ ವೃತ್ತಾಂತವು ಸ್ವಾರಸ್ಯವಾದದ್ದು. ಅಮೇರಿಕದ ಮಾರಿಸ್ ಫ್ರ್ಯಾಂಕ್ ಎಂಬ ಅಂಧರು ದಾರಿತೋರಿಸುವ ನಾಯಿಯ ಸಹಾಯದಿಂದ ಊರೂರು ಸಂಚರಿಸುತ್ತಿದ್ದರು. ತಮ್ಮ ನಾಯಿಗಳಿಗೆಲ್ಲಾ ಅವರು ಬಡ್ಡಿ ಎಂದೇ ಹೆಸರಿಡುತ್ತಿದ್ದರು. 1939ರಲ್ಲಿ ಬಡ್ಡಿಗೆ ಮೂತ್ರಪಿಂಡದ ರೋಗವುಂಟಾಗಲು, ನ್ಯೂಜರ್ಸಿಯ ಪಶುವೈದ್ಯರಾದ ಮಾರ್ಕ್ ಮಾರಿಸ್ ಎಂಬವರು ಔಷಧಕ್ಕಿಂತ ಆಹಾರವನ್ನೇ ಬದಲಿಸಿ ನೋಡಿದರು. ಆ ಆಹಾರವನ್ನು ಅವರೂ ಅವರ ಪತ್ನಿಯೂ ಮನೆಯಲ್ಲಿಯೇ ಬೇಯಿಸಿ ಗಾಜಿನ ಭರಣಿಗಳಲ್ಲಿ ತುಂಬಿ ಕಳುಹಿಸುತ್ತಿದ್ದರಂತೆ. ಪ್ರಯಾಣದಲ್ಲಿ ಭರಣಿಗಳು ಒಡೆಯುತ್ತಿದ್ದುದರಿಂದ ತಗಡಿನ ಡಬ್ಬಿಗಳು ಬಂದವು. 1948ರಲ್ಲಿ ಒಂದು ಕಾರ್ಖಾನೆಯು ಅದನ್ನು ತಯಾರಿಸತೊಡಗಿತು. ಇಂದು ಅಂಥ ಸಿದ್ಧ ಆಹಾರವು ನಮ್ಮ ದೇಶದಲ್ಲಿಯೂ ದೊರೆಯುತ್ತದೆ, ಆದರೆ ಬೆಲೆಯು ಎಲ್ಲರ ಕೈಗೂ ಎಟುಕುವಂಥದ್ದಲ್ಲ. ಅದರಿಂದ ಗುಣವುಂಟೇ ಎಂದು ಕೇಳುವಿರಾ? 2002ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ರೋಗವುಳ್ಳ 38 ನಾಯಿಗಳನ್ನು ಎರಡು ಗುಂಪು ಮಾಡಿದರು. ಸಾಧಾರಣ ಆಹಾರವನ್ನು ತಿಂದವುಗಳ ಮಧ್ಯಮ ಆಯುಷ್ಯವು 188 ದಿನ, ಪಥ್ಯದಲ್ಲಿದ್ದವುಗಳದು 594 ದಿನ.

ಪಥ್ಯದ ತಿರುಳು ರಂಜಕವನ್ನು ಕಡಿಮೆಮಾಡುವುದು. ಕೆಟ್ಟ ಮೂತ್ರಪಿಂಡವು ಇದನ್ನು ಹೊರಹಾಕಲಾರದು; ಅದು ರಕ್ತದಲ್ಲಿ ಹೆಚ್ಚಿದಂತೆ ಎಲುಬಿನ ಸುಣ್ಣವು ಕರಗುತ್ತದೆ, ಉಳಿದ ಜರಡಿಗಳೂ ಬೇಗನೆ ನಾಶವಾಗುತ್ತವೆ. ಎಲುಬು, ಎಲುಬಿನ ಸಾರು, ಒಣಮೀನು, ಯಕೃತ್ತು ಇವುಗಳನ್ನು ಪೂರ್ಣವಾಗಿ ಬಿಡತಕ್ಕದ್ದು. ಹಾಲನ್ನು ಬಹಳ ಕೊಡಬಾರದು. ಜೋಳದ ರೊಟ್ಟಿಯನ್ನು ದೂರುವುದು ನಮ್ಮ ಸೀಮೆಯಲ್ಲಿ ಸುಲಭವಾದ ಮಾತಲ್ಲ. ಆದರೂ ಜೋಳದಲ್ಲಿ ಬಿಳಿ ಅಕ್ಕಿಗಿಂತ ಎರಡೂವರೆ ಪಟ್ಟಿಗೂ ಮಿಕ್ಕಿದ ರಂಜಕವಿದೆ. ಕಾಳಿನ ರಂಜಕವೆಲ್ಲವೂ ಮೈಗೆ ಹತ್ತದೆಂಬುದು ನಿಜವಾದರೂ, ಈ ರೋಗಿಗೆ ಮಾನವಿ, ಸಿಂಧನೂರು ಕಡೆಯ ಕಾಲುವೆ ನೀರಿನಲ್ಲಿ ಬೆಳೆದ ಸೋನಾಮಸೂರಿಯ ಮೆತ್ತಗಿನ ಅನ್ನವೇ ಮೇಲು. ಮೊಟ್ಟೆಯಲ್ಲಿಯೂ ಹೀಗೆಯೇ: ಹಳದಿಯು ರಂಜಕದ ಗಂಟು, ಬಿಳಿಯಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಆದುದರಿಂದ ಬೇಯಿಸಿದ ಬಿಳಿಯನ್ನು ಅನ್ನದಲ್ಲಿ ಕಲಸಿ ಕೊಡಬಹುದು. ಮಾಂಸವನ್ನು ಕೊಡುವುದಾದರೆ ಚಿಕ್ಕ ಚೂರುಗಳಾಗಿ ಮಾಡಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದುಬಿಡಬೇಕು. ರಂಜಕದ ಒಂದು ಭಾಗವು ಅದರೊಡನೆ ಹೋಗುವುದು. ಸಾರವೆಲ್ಲಾ ನೀರಿನಲ್ಲಿದೆಯೆಂದು ಕಲಿತ ನಮಗೆ ಇದು ವಿಪರೀತವಾಗಿ ಕಾಣುವುದು ಸಹಜ. ಸ್ವಲ್ಪ ಎಣ್ಣೆ ಅಥವಾ ತುಪ್ಪವನ್ನು ಸೇರಿಸಿದರೆ ಬಲವು ಕುಂದದು. ಬೆಂದ ಸೋರೆಕಾಯಿಯೂ ಒಳ್ಳೆಯದು.

ಮಾಂಸವನ್ನೂ ಮೊಟ್ಟೆಯನ್ನೂ ಪೂರ್ತಿಯಾಗಿ ನಿಲ್ಲಿಸಿ ಬರಿಯ ಗಂಜಿಯಲ್ಲಿ ಇಡುವವರಿದ್ದಾರೆ. ಅದು ತಪ್ಪು. ಸಸಾರಜನಕವು ಮಿತವಾಗಿರಬೇಕೇ ಹೊರತು ಇಲ್ಲದೆ ಹೋದರೆ ನಾಯಿಯ ಸ್ನಾಯುಗಳೇ ಕರಗುವವು.

ಇನ್ನು ಮಿಕ್ಕ ಸಾರಿನ ಮಾತು. ಅದರಲ್ಲಿ ಉಪ್ಪಿದೆ, ನಾಯಿಯ ರಕ್ತಕ್ಕೆ ಕೇಡುಮಾಡುವ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಿವೆ, ಹುಣಿಸೆಯೂ ಇದೆ. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ವಿಷವೆಂದು ಬಹುಕಾಲದಿಂದ ತಿಳಿದಿತ್ತು. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಾಗಿರಬಹುದೆಂದು 2021ರಲ್ಲಿ ಪಶುವೈದ್ಯರು ಸೂಚಿಸಿದರು. ಆ ಆಮ್ಲವು ಹುಣಿಸೆಹಣ್ಣಿನಲ್ಲಿ ಹೇರಳವಾಗಿದೆ. ಮನುಷ್ಯರ ನೋವಿನ ಗುಳಿಗೆಗಳನ್ನು, ವಿಶೇಷವಾಗಿ ಐಬುಪ್ರೊಫೆನನ್ನು, ನಾಯಿಗೆ ಎಂದಿಗೂ ನುಂಗಿಸಬಾರದು.

ಇಷ್ಟನ್ನು ಓದಿ ವೈದ್ಯರನ್ನು ಬಿಟ್ಟು ಸ್ವಂತವಾಗಿ ಪಥ್ಯವನ್ನು ನಡಿಸಬೇಡಿರಿ. ಈ ರೋಗವುಳ್ಳ ನಾಯಿ ಬೆಕ್ಕುಗಳಿಗಾಗಿ ಪ್ರಕಟವಾಗಿದ್ದ 67 ಅಡಿಗೆಯ ಕ್ರಮಗಳನ್ನು ಅಮೇರಿಕದಲ್ಲಿ ಪರಿಶೀಲಿಸಿದಾಗ, ಬೇಕಾದ ಪೋಷಕಾಂಶಗಳೆಲ್ಲವೂ ಇದ್ದದ್ದು ಒಂದೂ ಸಿಕ್ಕಲಿಲ್ಲವೆಂದು 2012ರಲ್ಲಿ ಪ್ರಕಟವಾಯಿತು. ಅನ್ನ ಮತ್ತು ಮೊಟ್ಟೆಯ ಬಿಳಿಯಲ್ಲಿ ಸುಣ್ಣದ ಅಂಶವೂ ಕೆಲವು ಜೀವಸತ್ವಗಳೂ ಸಾಲವು. ಅವುಗಳನ್ನು ಎಷ್ಟು ಕೊಡಬೇಕೆಂಬುದನ್ನು ರಕ್ತಪರೀಕ್ಷೆಯನ್ನು ನೋಡಿ ವೈದ್ಯರೇ ಹೇಳತಕ್ಕದ್ದು. ನಮ್ಮ ಭಾಗದವರಿಗೆ ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ.

ಕೊಡುವ ರೀತಿಯಲ್ಲಿಯೂ ತಾಳ್ಮೆ ಬೇಕು. ಹೊಸ ಆಹಾರವನ್ನು ಹಳೆಯದರೊಡನೆ ಸ್ವಲ್ಪಸ್ವಲ್ಪವಾಗಿ ಬೆರಸಿ ಒಂದೆರಡು ವಾರಗಳಲ್ಲಿ ಬದಲಿಸಬೇಕು. ಉಗುರುಬೆಚ್ಚಗೆ ಮಾಡಿದರೆ ವಾಸನೆಗೆ ಹತ್ತಿರ ಬರುವುದು. ಓಕರಿಕೆಯಿರುವಾಗ ಬಾಯಿಗೆ ತುರುಕಿದರೆ ಆ ಅನ್ನವನ್ನು ಮತ್ತೆಂದಿಗೂ ಮೂಸದು. ಮೊದಲು ಓಕರಿಕೆಗೆ ಔಷಧವನ್ನು ಕೊಡಿಸಿರಿ.

ನಮ್ಮ ನಾಯಿಯು ಮೊದಲಿನ ನಾಲ್ಕು ದಿನ ತಟ್ಟೆಯನ್ನು ನೋಡಿ ಮುಖ ತಿರುಗಿಸಿತು. ಐದನೆಯ ದಿನ ನೆಕ್ಕಿತು. ಅನಂತರ ಒಂದು ವರ್ಷ ಐದು ತಿಂಗಳು ನಮ್ಮೊಡನೆ ಇತ್ತು. ನೀರಿನ ಬೋಗುಣಿಗಳು ಅಂಗಳದಲ್ಲಿ ಒಂದು, ಪಡಸಾಲೆಯಲ್ಲಿ ಒಂದು, ಅಡಿಗೆಮನೆಯ ಹೊಸ್ತಿಲಲ್ಲಿ ಒಂದು, ಹೀಗೆ ಮೂರಾದವು. ನೆಲವನ್ನಂತೂ ದಿನಾಲು ಬೆಳಿಗ್ಗೆ ತೊಳೆಯುತ್ತಿದ್ದೆನು.