ಪಾಲಿಸಿಗಿಂತ ಮೊದಲು ಲೆಕ್ಕದ ಪುಸ್ತಕ

ತಮ್ಮಾ, ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗಲೇ ಆರೋಗ್ಯ ವಿಮೆಯ ಮಾತು ತೆಗೆದೆಯಲ್ಲ, ಒಳ್ಳೆಯದಾಯಿತು. ನಮ್ಮ ಕಡೆಯ ಬಹಳ ಮನೆಗಳಲ್ಲಿ ಈ ಮಾತು ಶುರುವಾಗುವುದೇ ಹುಬ್ಬಳ್ಳಿಯ ಯಾವುದೋ ಆಸ್ಪತ್ರೆಯ ಬಿಲ್ ಕೌಂಟರಿನ ಮುಂದೆ. ಆದರೆ ಏಜೆಂಟರನ್ನು ಮನೆಗೆ ಕರೆಯುವ ಮೊದಲು ಒಂದು ನೋಟ್‌ಬುಕ್ ಹಿಡಿದು ಕೂಡು. ಯಾವ ಪಾಲಿಸಿ ಒಳ್ಳೆಯದು ಎಂಬುದು ಆಮೇಲಿನ ಪ್ರಶ್ನೆ. ಎಪ್ಪತ್ತು ದಾಟಿದ ಮೇಲೂ ಅದರ ಕಂತು ಕಟ್ಟಲು ಆದೀತೇ ಎಂಬುದು ಮೊದಲಿನದು.

ತಿಂಗಳ ಲೆಕ್ಕ ಸಾಲದು, ವರ್ಷದ ಲೆಕ್ಕ ಬರೆ. ಪಿಂಚಣಿ ತಿಂಗಳಿಗೊಮ್ಮೆ ಬಂದರೂ ಹೊಲದ ದುಡ್ಡು ಹಾಗೆ ಬರುವುದಿಲ್ಲ. ಗಂಗಾವತಿ ಕಡೆ ಎಡದಂಡೆ ಕಾಲುವೆಯ ನೀರು ಸಿಕ್ಕರೆ ಎರಡು ಸಲ ಭತ್ತ. ನಿಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಹಿಡಿದರೆ ಸಜ್ಜೆಯೋ, ತೊಗರಿಯೋ, ಹಿಂಗಾರಿಗೆ ಕಡಲೆಯೋ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನೀರಾವರಿಯವರಿಗೂ ಎದೆ ಧಸಕ್ಕೆಂದಿತ್ತು. ಆದ್ದರಿಂದ ಹೊಲದ ಆದಾಯ ಬರೆಯುವಾಗ ಒಳ್ಳೆಯ ವರ್ಷದ್ದನ್ನು ಬರೆಯಬೇಡ, ಕೈಕೊಟ್ಟ ವರ್ಷದ್ದನ್ನು ಬರೆ.

ಖರ್ಚಿನ ಪುಟದಲ್ಲಿ ಸಂತೆ, ಕಿರಾಣಿ, ಹಾಲು, ಗ್ಯಾಸ್ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಬೇರೆಯೇ: ಮದುವೆಗಳ ಆಯೇರಿ, ಪಂಚಮಿಗೆ ಬರುವ ಹೆಣ್ಣುಮಕ್ಕಳ ಸೀರೆ, ಕೊಪ್ಪಳದ ಗವಿಮಠದ ಜಾತ್ರೆಗೆ ಬಂದು ಮನೆಯಲ್ಲಿ ಉಳಿಯುವ ಬೀಗರು, ಮನೆ ಕಂದಾಯ, ಸೋರುವ ಮಾಳಿಗೆ. ಇವೆಲ್ಲ ವರ್ಷಕ್ಕೊಮ್ಮೆ ಬಂದರೂ ತಪ್ಪದೇ ಬರುತ್ತವೆ.

ಒಂದು ಮಾದರಿ ಹೇಳುತ್ತೇನೆ. ತಿಂಗಳಿಗೆ 25,000 ರೂಪಾಯಿ ಬರುತ್ತದೆ ಎಂದುಕೋ, ವರ್ಷಕ್ಕೆ 3 ಲಕ್ಷ. ಮನೆ ಖರ್ಚು ತಿಂಗಳಿಗೆ 12,000ದಂತೆ 1,44,000. ಬಿ.ಪಿ., ಶುಗರ್ ಗುಳಿಗೆ ಮತ್ತು ರಕ್ತಪರೀಕ್ಷೆಗೆ 30,000. ಆಯೇರಿ, ಹಬ್ಬ, ಜಾತ್ರೆಗೆ 40,000. ರಿಪೇರಿ, ಕಂದಾಯ, ಗಾಡಿಗೆ 26,000. ಕಳೆದರೆ ಕೈಯಲ್ಲಿ ಉಳಿಯುವುದು 60,000. ವರ್ಷಕ್ಕೆ 30,000 ಕಂತು ಸಲೀಸಾಗಿ ಕಟ್ಟಬಹುದು ಎನ್ನಿಸುತ್ತದೆ. ಆದರೆ ಕಂತು ಇದ್ದಲ್ಲೇ ಇರುವುದಿಲ್ಲ. ಹಿರಿಯ ನಾಗರಿಕರ ಕಂತನ್ನು ತನ್ನನ್ನು ಕೇಳದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಕಂಪನಿಗಳಿಗೆ ಹೇಳಿದೆ. ವರ್ಷವರ್ಷ ಆ ಶೇ. 10 ಏರಿತೆಂದೇ ಹಿಡಿ: ಏಳು ವರ್ಷದಲ್ಲಿ 30,000 ಹೋಗಿ 58,000 ದಾಟುತ್ತದೆ. ಇಂದಿನ ಉಳಿಕೆಯೆಲ್ಲ ಅಲ್ಲಿಗೇ ಹೋಯಿತು. ಅದಕ್ಕೇ ಇಂದಿನ ಕಂತು ಉಳಿಕೆಯ ಅರ್ಧಕ್ಕೂ ಕೆಳಗಿರಲಿ. ಅರವತ್ತೇಳರಲ್ಲಿ ಕಟ್ಟಲಾಗದೆ ಬಿಟ್ಟರೆ ಕಾದ ವರ್ಷಗಳೂ ಹೋದವು, ದುಡ್ಡೂ ಹೋಯಿತು. ದೊಡ್ಡ ಪಾಲಿಸಿ ಹಿಡಿದು ನಡುವೆ ಬಿಡುವುದಕ್ಕಿಂತ ಚಿಕ್ಕದನ್ನು ಕೊನೆತನಕ ನಡೆಸುವುದು ಮೇಲು.

ಇನ್ನು, ನಿನ್ನ ಹತ್ತಿರ ಈಗಾಗಲೇ ಏನಿದೆ ಎಂದು ನೋಡು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಿನ್ನಂಥ ಎ.ಪಿ.ಎಲ್. ನವರಿಗೆ ಸರ್ಕಾರ ಗೊತ್ತುಮಾಡಿದ ದರದ ಶೇ. 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ತುರ್ತಿಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ತೆಗೆದುಕೊಂಡು ಖಾಸಗಿಗೆ. ಕೊಪ್ಪಳದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇರುವಾಗ ಅದರ ಬಾಗಿಲು ತಟ್ಟಲು ಸಂಕೋಚ ಬೇಡ. ನಿಮ್ಮೂರ ಸಹಕಾರಿ ಸೊಸೈಟಿಯ ಸದಸ್ಯನಾಗಿದ್ದರೆ ಯಶಸ್ವಿನಿ ಯೋಜನೆಯನ್ನೂ ಕೇಳು. 2018ರಲ್ಲಿ ನಿಂತುಹೋಗಿದ್ದ ಅದು 2022ರ ಕೊನೆಗೆ ಮತ್ತೆ ನೋಂದಣಿ ಶುರುಮಾಡಿತು. ಆಗ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಶುಲ್ಕ, 5 ಲಕ್ಷದವರೆಗೆ ಚಿಕಿತ್ಸೆ. ಯಾವ ಕಾಯಿಲೆ, ಯಾವ ಆಸ್ಪತ್ರೆ, ಯಾರು ಸೇರಬಹುದು ಎಂಬುದನ್ನು ಸೊಸೈಟಿಯ ಕಾರ್ಯದರ್ಶಿಯಿಂದಲೇ ತಿಳಿದುಕೋ. ಎಪ್ಪತ್ತು ತುಂಬಿದವರಿಗೆ ಆದಾಯ ನೋಡದೆ 5 ಲಕ್ಷದ ರಕ್ಷಣೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ವಯ ವಂದನಾ ಕಾರ್ಡು ತಂದಿತು. ಅವ್ವನ ಹೆಸರಿಗೆ ಅದು ಆಗುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ವಿಚಾರಿಸು.

ಇಷ್ಟಾದ ಮೇಲೆ ಉಳಿಯುವ ಸಂದಿಗೆ ಖಾಸಗಿ ಪಾಲಿಸಿ. ಅರವತ್ತೈದು ದಾಟಿದರೆ ಹೊಸದು ಸಿಗುವುದೇ ಇಲ್ಲ ಎನ್ನುವ ಮಾತು ಹಳೆಯದಾಯಿತು. 2024ರ ಏಪ್ರಿಲ್‌ನಿಂದ ಆ ಮಿತಿ ಇಲ್ಲ. ಮೊದಲೇ ಇರುವ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು. ಕಣ್ಣಿನ ಪೊರೆ, ಹರ್ನಿಯಾ, ಮೊಣಕಾಲಿನ ಕೀಲು ಬದಲಿಸುವಂಥವಕ್ಕೂ ಬಹಳ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ. ಐವತ್ತೆಂಟರಲ್ಲಿ ಮಾಡಿಸಿದರೆ ಅರವತ್ತೊಂದರ ಹೊತ್ತಿಗೆ ಆ ಕಾಯುವಿಕೆ ಮುಗಿದಿರುತ್ತದೆ. ಬೇಗ ಮಾಡಿಸುವುದರ ಲಾಭ ಇಷ್ಟೇ, ಆದರೆ ಇದು ಸಣ್ಣದಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಯ ಕಂತಿನ ಮೇಲಿದ್ದ ಶೇ. 18 ಜಿ.ಎಸ್‌.ಟಿ.ಯೂ ಹೋಗಿದೆ.

ಫಾರ್ಮ್ ತುಂಬುವಾಗ ಯಾರಾದರೂ "ಶುಗರ್ ಐತಿ ಅಂತ ಬರಿಬ್ಯಾಡ್ರಿ ಸರ್, ಕಂತು ಜಾಸ್ತಿ ಆಕ್ಕೈತಿ" ಎಂದರೆ ಪೆನ್ನು ಕೆಳಗಿಟ್ಟು ಎದ್ದುಬಿಡು. ಮುಚ್ಚಿಟ್ಟದ್ದು ಕ್ಲೇಮಿನ ದಿನವೇ ಹೊರಬೀಳುತ್ತದೆ, ಆ ಹೊತ್ತಿಗೆ ಹೇಳಿಕೊಟ್ಟವರ ಫೋನು ಸ್ವಿಚ್ ಆಫ್ ಆಗಿರುತ್ತದೆ. ನುಂಗುವ ಗುಳಿಗೆಗಳ ಹೆಸರು ಸಮೇತ ಬರೆ. ಪಾಲಿಸಿ ಕೈಸೇರಿದ ಮೇಲೆ ಮೂರು ವಿಷಯ ಹುಡುಕು: ಕೋಣೆ ಬಾಡಿಗೆಗೆ ಮಿತಿ ಇದೆಯೇ, ಬಿಲ್ಲಿನಲ್ಲಿ ನಿನ್ನ ಪಾಲೆಂದು ಶೇ. 20ರಂತೆ ಏನಾದರೂ ಹಾಕಿದ್ದಾರೆಯೇ, ನಗದುರಹಿತ ಆಸ್ಪತ್ರೆಗಳ ಪಟ್ಟಿಯಲ್ಲಿ ಕೊಪ್ಪಳ, ಗಂಗಾವತಿ, ಹುಬ್ಬಳ್ಳಿಯವು ಯಾವುವು. ಪಟ್ಟಿಯಲ್ಲಿ ಬೆಂಗಳೂರಿನ ನೂರು ಆಸ್ಪತ್ರೆ ಇದ್ದರೂ ಕುಷ್ಟಗಿಯವನಿಗೆ ರಾತ್ರಿ ಎರಡಕ್ಕೆ ಅವು ಉಪಯೋಗಕ್ಕೆ ಬರುವುದಿಲ್ಲ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ವಾಪಸು ಮಾಡಬಹುದು. ಅಲ್ಲಿಯವರೆಗೆ ಆಗಿದ್ದ ಸಣ್ಣಪುಟ್ಟ ಖರ್ಚು ಹಿಡಿದುಕೊಂಡು ಉಳಿದ ಹಣ ಕೊಡುತ್ತಾರೆ.

ಬಹಳ ಪಾಲಿಸಿಗಳು ಕೊಡದ ಖರ್ಚು ಒಂದಿದೆ. ರಾತ್ರೋರಾತ್ರಿ ಹುಬ್ಬಳ್ಳಿಗೆ ಹೋಗುವ ಬಾಡಿಗೆ ಕಾರು, ರೋಗಿಯ ಜೊತೆ ಇರುವವರ ಊಟ, ವಸತಿ, ಮತ್ತೆ ಮತ್ತೆ ತೋರಿಸಲು ಹೋಗುವ ದಾರಿಖರ್ಚು. ಇದಕ್ಕೆಂದೇ ಬ್ಯಾಂಕಿನಲ್ಲಿ ಒಂದು ದವಾಖಾನೆ ಗಂಟು ಇಡು. ಉಳಿಕೆಯ ಉಳಿದ ಅರ್ಧ ಅಲ್ಲಿಗೆ ಹೋಗಲಿ, ಮೊದಲ ಎರಡು ವರ್ಷ ಅದನ್ನು ಮುಟ್ಟಬೇಡ. ಮಗಳ ಸೀಮಂತ ಬಂದರೂ ಮುಟ್ಟಬೇಡ. ದಿನದ ಗುಳಿಗೆಗಳನ್ನು ಜನೌಷಧಿ ಅಂಗಡಿಯಲ್ಲಿ ಡಾಕ್ಟರನ್ನು ಕೇಳಿ ತೆಗೆದುಕೊಂಡರೆ ಗುಳಿಗೆಗೆಂದು ಬರೆದ ಆ 30,000ದಲ್ಲೂ ಒಂದಿಷ್ಟು ಮಿಕ್ಕಿ ಗಂಟಿಗೆ ಸೇರುತ್ತದೆ.

ಕೊನೆಯದಾಗಿ, ಈ ಲೆಕ್ಕಕ್ಕೆ ಒಬ್ಬನೇ ಕೂಡಬೇಡ, ಮನೆಯಾಕೆಯನ್ನೂ ಕೂಡಿಸಿಕೋ. ನಮ್ಮಲ್ಲಿ ಗಂಡಸು ಹಾಸಿಗೆ ಹಿಡಿದ ದಿನ ಪಾಲಿಸಿ ಯಾವ ಕಪಾಟಿನಲ್ಲಿದೆ, ಕಂತಿನ ಕೊನೆ ದಿನ ಯಾವುದು, ಗಂಟು ಯಾವ ಬ್ಯಾಂಕಿನಲ್ಲಿದೆ ಎಂದು ಹೆಂಡತಿಗೆ ಗೊತ್ತೇ ಇರುವುದಿಲ್ಲ. ನಿನ್ನ ಹಿಂದೆ ಅವಳಿಗೆ ಬರುವುದು ಕುಟುಂಬ ಪಿಂಚಣಿ, ಅದು ಸಾಮಾನ್ಯವಾಗಿ ನಿನ್ನ ಪಿಂಚಣಿಗಿಂತ ಕಡಿಮೆ. ಆ ಕಡಿಮೆ ದುಡ್ಡಿನಲ್ಲಿ ಅವಳೊಬ್ಬಳೇ ತನ್ನ ಕಂತು ಕಟ್ಟಿಕೊಂಡು ಹೋಗಬಲ್ಲಳೇ? ಹೌದು ಎಂದು ಅವಳೇ ಲೆಕ್ಕ ನೋಡಿ ಹೇಳಿದ ಮೇಲೆ ಸಹಿ ಹಾಕು.