ಕೊಲಂಬಸನ ಕರಾರು ಪತ್ರ

ಪ್ರಥಮ ಪಿಯುಸಿ ಇತಿಹಾಸದಲ್ಲಿ ಭೌಗೋಳಿಕ ಅನ್ವೇಷಣೆಗಳ ಬಗ್ಗೆ ನಾವೆಲ್ಲ ಓದಿದ್ದೇವೆ. ಪರೀಕ್ಷೆಗೆ ಬೇಕಾಗಿದ್ದದ್ದು ಒಂದು ಹೆಸರು, ಒಂದು ಇಸವಿ: ಕೊಲಂಬಸ್, 1492. ಈ ವರ್ಷ ಅಕೌಂಟೆನ್ಸಿಯಲ್ಲಿ ಪಾಲುದಾರಿಕೆಯ ಲೆಕ್ಕಗಳನ್ನು ಮಾಡುತ್ತಿರುವಾಗ, ಕೊಲಂಬಸ್ ಹೊರಡುವ ಮೊದಲು ಮಾಡಿಕೊಂಡ ಕರಾರಿನ ಬಗ್ಗೆ ಓದಲು ಸಿಕ್ಕಿತು. ಲಾಭ ಹಂಚಿಕೆಯ ಪ್ರಮಾಣ, ಬಂಡವಾಳ, ಪಾಲುದಾರರ ಹಕ್ಕು, ಎಲ್ಲವೂ ಅದರಲ್ಲಿದೆ. ವಾಣಿಜ್ಯ ವಿಭಾಗದವರು ಈ ಕಥೆಯನ್ನು ಆ ಕರಾರಿನಿಂದ ಶುರು ಮಾಡಿದರೆ ಚೆನ್ನಾಗಿ ಅರ್ಥವಾಗುತ್ತದೆ ಎಂದು ನನ್ನ ಅಭಿಪ್ರಾಯ.

1492ರ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾ, ರಾಜ ಫರ್ಡಿನೆಂಡ್ ಮತ್ತು ರಾಣಿ ಇಸಬೆಲ್ಲಾ ಅವರ ವಶವಾಯಿತು. ಆ ನಗರಕ್ಕೆ ಮುತ್ತಿಗೆ ಹಾಕಲು ಅವರು ಸಾಂತಾ ಫೆ ಎಂಬ ಶಿಬಿರದ ಊರನ್ನೇ ಕಟ್ಟಿದ್ದರು. ಅದೇ ಊರಿನಲ್ಲಿ ಏಪ್ರಿಲ್ 17ರಂದು ಕೊಲಂಬಸನ ಕರಾರಿಗೆ ಒಪ್ಪಿಗೆ ಸಿಕ್ಕಿತು. ಯುದ್ಧ ಮುಗಿದಿತ್ತು, ಖಜಾನೆ ಬರಿದಾಗಿತ್ತು, ಹೊಸ ಆದಾಯ ಬೇಕಾಗಿತ್ತು.

ಕರಾರಿನ ಮುಖ್ಯ ಷರತ್ತುಗಳು ಹೀಗಿವೆ. ಕೊಲಂಬಸ್ ಕಂಡುಹಿಡಿಯುವ ನಾಡುಗಳಿಗೆ ಅವನೇ ಅಡ್ಮಿರಲ್, ವೈಸರಾಯ್ ಮತ್ತು ಗವರ್ನರ್. ಅಡ್ಮಿರಲ್ ಪದವಿ ವಂಶಪಾರಂಪರ್ಯ. (ಸ್ಪ್ಯಾನಿಷ್‌ನಲ್ಲಿ ಅದು 'ಅಲ್ಮಿರಾಂತೆ'. ಅರಬ್ಬಿಯ 'ಅಮೀರ್' ಎಂಬ ಪದದಿಂದ ಬಂದದ್ದು. ನಮ್ಮ ಮನೆಯ ಉರ್ದುವಿನಲ್ಲಿ ಈಗಲೂ ಅಡ್ಮಿರಲ್‌ಗೆ 'ಅಮೀರ್-ಉಲ್-ಬಹರ್' ಎನ್ನುತ್ತಾರೆ.) ಅಲ್ಲಿ ಸಿಗುವ ಮುತ್ತು, ರತ್ನ, ಚಿನ್ನ, ಬೆಳ್ಳಿ, ಸಾಂಬಾರ ಪದಾರ್ಥ ಮತ್ತು ಇತರ ಸರಕುಗಳಲ್ಲಿ ಖರ್ಚು ಕಳೆದು ಉಳಿದದ್ದರ ಹತ್ತನೇ ಒಂದು ಭಾಗ ಅವನಿಗೆ, ಒಂಬತ್ತು ಭಾಗ ರಾಜ ರಾಣಿಯರಿಗೆ. ಗಮನಿಸಿ, ಇದು ನಿವ್ವಳ ಲಾಭದ ಲೆಕ್ಕ. ಇನ್ನೊಂದು ಷರತ್ತಿನ ಪ್ರಕಾರ ಹಡಗುಗಳ ವೆಚ್ಚದಲ್ಲಿ ಎಂಟನೇ ಒಂದು ಭಾಗವನ್ನು ಅವನು ಹಾಕಿದರೆ ಲಾಭದಲ್ಲೂ ಎಂಟನೇ ಒಂದು ಭಾಗ ಪಡೆಯಬಹುದು.

ಬಂಡವಾಳ ಎಲ್ಲಿಂದ ಬಂತು? ರಾಣಿ ತನ್ನ ಒಡವೆಗಳನ್ನು ಅಡವಿಟ್ಟಳು ಎಂಬ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಒಟ್ಟು ಖರ್ಚು ಸುಮಾರು 20 ಲಕ್ಷ ಮರವೇದಿ. ಅದು ಆಗಿನ ಸ್ಪೇನಿನ ಲೆಕ್ಕದ ನಾಣ್ಯ. ಇದರಲ್ಲಿ 11 ಲಕ್ಷ 40 ಸಾವಿರವನ್ನು ಆಸ್ಥಾನದ ಹಣಕಾಸು ಅಧಿಕಾರಿ ಲೂಯಿಸ್ ದೆ ಸಾಂತಾಂಜೆಲ್ ಹೊಂದಿಸಿಕೊಟ್ಟ. ಕೊಲಂಬಸ್ ತನ್ನ ಪಾಲಿಗೆ ಸಾಲ ಮಾಡಿದ. ಪಾಲೋಸ್ ಎಂಬ ಬಂದರು ಊರಿನವರು ಹಿಂದೆ ಯಾವುದೋ ತಪ್ಪಿಗೆ ದಂಡ ಕಟ್ಟಬೇಕಾಗಿದ್ದರಿಂದ ಎರಡು ಹಡಗುಗಳನ್ನು ಅವರಿಂದಲೇ ವಸೂಲು ಮಾಡಲಾಯಿತು. ಒಬ್ಬ ಅನುಭವಿ ನಾವಿಕನ ಸಂಬಳ ತಿಂಗಳಿಗೆ 1,000 ಮರವೇದಿ. ಮೊದಲು ನೆಲ ಕಂಡವರಿಗೆ ವರ್ಷಕ್ಕೆ 10,000 ಮರವೇದಿ ಬಹುಮಾನ ಎಂದು ಘೋಷಣೆಯಾಗಿತ್ತು. ಅಕ್ಟೋಬರ್ 12ರ ಬೆಳಗಿನ ಜಾವ ನೆಲ ಕಂಡು ಕೂಗಿದವನು ರೋದ್ರಿಗೋ ದೆ ತ್ರಿಯಾನಾ ಎಂಬ ನಾವಿಕ. ಹಿಂದಿನ ರಾತ್ರಿಯೇ ತಾನು ಒಂದು ಬೆಳಕು ಕಂಡಿದ್ದೆ ಎಂದು ಹೇಳಿ ಆ ಹಣವನ್ನು ಕೊಲಂಬಸನೇ ತೆಗೆದುಕೊಂಡ. ಪಾಲುದಾರನ ಸ್ವಭಾವ ಇಲ್ಲೇ ಗೊತ್ತಾಗುತ್ತದೆ.

ಇಷ್ಟು ಹಣ ಹೂಡಿದ ಯೋಜನೆಯ ತಳಪಾಯದಲ್ಲಿ ಅಳತೆಯ ದೊಡ್ಡ ತಪ್ಪಿತ್ತು. 9ನೇ ಶತಮಾನದ ಖಗೋಳಶಾಸ್ತ್ರಜ್ಞ ಅಲ್-ಫರ್ಗಾನಿ ಭೂಮಿಯ ಸುತ್ತಳತೆಯಲ್ಲಿ ಒಂದು ಡಿಗ್ರಿಗೆ 56⅔ ಮೈಲಿ ಎಂದು ಬರೆದಿದ್ದರು. ಅದು ಅರಬ್ಬಿ ಮೈಲಿ, ಸುಮಾರು ಎರಡು ಕಿಲೋಮೀಟರ್. ಕೊಲಂಬಸ್ ಅದನ್ನು ಒಂದೂವರೆ ಕಿಲೋಮೀಟರಿನ ಇಟಲಿಯ ಮೈಲಿ ಎಂದುಕೊಂಡ. ಭೂಮಿ ಕಾಲು ಭಾಗ ಚಿಕ್ಕದಾಯಿತು! ಅದರ ಮೇಲೆ ಏಷ್ಯಾ ಖಂಡವನ್ನು ಇರುವುದಕ್ಕಿಂತ ಅಗಲವಾಗಿ ಕಲ್ಪಿಸಿಕೊಂಡ. ಜಪಾನ್ ಕ್ಯಾನರಿ ದ್ವೀಪಗಳಿಂದ ಪಶ್ಚಿಮಕ್ಕೆ ಸುಮಾರು 4,500 ಕಿ.ಮೀ. ಎಂದು ಲೆಕ್ಕ ಹಾಕಿದ. ಆ ದಾರಿಯ ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ರಾಣಿ ನೇಮಿಸಿದ ವಿದ್ವಾಂಸರ ಸಮಿತಿ ಅವನ ಯೋಜನೆಯನ್ನು ತಿರಸ್ಕರಿಸಿದ್ದು ಈ ದೂರದ ಕಾರಣಕ್ಕೆ, ಭೂಮಿ ಚಪ್ಪಟೆಯಾಗಿದೆ ಎಂದಲ್ಲ. ಭೂಮಿ ದುಂಡಗಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಡುವೆ ಅಮೆರಿಕ ಸಿಗದಿದ್ದರೆ ಮೂರು ಹಡಗಿನವರೂ ನೀರು, ಆಹಾರವಿಲ್ಲದೆ ಸಾಯುತ್ತಿದ್ದರು.

ಏಷ್ಯಾದ ಅರಮನೆಗಳಲ್ಲಿ ಮಾತನಾಡಲು ಅರಬ್ಬಿ, ಹೀಬ್ರೂ ಬಲ್ಲ ಲೂಯಿಸ್ ದೆ ತೋರೆಸ್ ಎಂಬ ದುಭಾಷಿಯನ್ನು ಕರೆದೊಯ್ದಿದ್ದರು. ನವೆಂಬರ್‌ನಲ್ಲಿ ಅವನನ್ನು ಕ್ಯೂಬಾದ ಒಳನಾಡಿಗೆ ಕಳುಹಿಸಿದರು. ಅಲ್ಲಿದ್ದವರು ತೈನೋ ಭಾಷೆಯ ಜನ. ಅವನ ಅರಬ್ಬಿ ಯಾರಿಗೆ ಅರ್ಥವಾಗಬೇಕು?

ಕರಾರಿನ ಪಟ್ಟಿಯಲ್ಲಿದ್ದ ಸಾಂಬಾರ ಪದಾರ್ಥವೂ ಸಿಗಲಿಲ್ಲ. ಸಿಕ್ಕಿದ್ದು 'ಅಹಿ' ಎಂಬ ಖಾರದ ಕಾಯಿ. ಇದು ಇಲ್ಲಿನವರ ಮೆಣಸು ಎಂದು ಕೊಲಂಬಸ್ ದಿನಚರಿಯಲ್ಲಿ ಬರೆದುಕೊಂಡ. ಮುಂದೆ ಪೋರ್ಚುಗೀಸರ ಹಡಗಿನಲ್ಲಿ ಆ ಕಾಯಿ ನಮ್ಮ ಕರಾವಳಿಗೆ ಬಂದಾಗ ನಾವೂ ಹಾಗೇ ಮಾಡಿದೆವು. ಕನ್ನಡದಲ್ಲಿ ಮೆಣಸಿನಿಂದ ಮೆಣಸಿನಕಾಯಿ, ಉರ್ದುವಿನಲ್ಲಿ ಎರಡೂ ಮಿರ್ಚ್. ಇವತ್ತು ಬ್ಯಾಡಗಿ ಮಾರುಕಟ್ಟೆ ನಡೆಯುವುದು ಅದರಿಂದಲೇ. ಆದರೆ 1493ರಲ್ಲಿ ಸ್ಪೇನಿಗೆ ಬೇಕಾಗಿದ್ದದ್ದು ಚಿನ್ನ.

ಎರಡನೇ ಯಾನದಲ್ಲಿ 17 ಹಡಗು, 1,200ಕ್ಕೂ ಹೆಚ್ಚು ಜನ. ವೆಚ್ಚ ಏರಿತು, ಆದಾಯವಿಲ್ಲ. ಆಗ ಹಿಸ್ಪಾನಿಯೋಲಾ ದ್ವೀಪದಲ್ಲಿ (ಈಗಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ) ಕೊಲಂಬಸ್ ತೈನೋ ಜನರ ಮೇಲೆ ಕಪ್ಪ ವಿಧಿಸಿದ. ಚಿನ್ನ ಸಿಗುವ ಪ್ರದೇಶದಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ಕೊಡಬೇಕು. ಬೇಟೆಯ ಗಿಡುಗದ ಕಾಲಿಗೆ ಕಟ್ಟುವ ಸಣ್ಣ ಗೆಜ್ಜೆಯೇ ಅಳತೆಯ ಪಾತ್ರೆ. ಉಳಿದ ಕಡೆಯವರು ಸುಮಾರು ಹನ್ನೊಂದೂವರೆ ಕಿಲೋ ಹತ್ತಿ ಕೊಡಬೇಕು. ಕೊಟ್ಟವರು ಲೋಹದ ಬಿಲ್ಲೆಯೊಂದನ್ನು ಕೊರಳಿಗೆ ಹಾಕಿಕೊಳ್ಳಬೇಕು. ಅದು ರಸೀದಿ. ಬಿಲ್ಲೆ ಇಲ್ಲದವರಿಗೆ ಶಿಕ್ಷೆ. ನಾನು ಓದಿದ್ದರಲ್ಲಿ ಮನಸ್ಸಿಗೆ ಹೆಚ್ಚು ನಾಟಿದ್ದು ಈ ಬಿಲ್ಲೆ. ರಸೀದಿ ಎಂದರೆ ಹಣ ಕೊಟ್ಟವನಿಗೆ ರಕ್ಷಣೆ ಎಂದು ನಾವು ಕಲಿಯುತ್ತೇವೆ. ಇಲ್ಲಿ ಕೊಟ್ಟವನು ಸಾಲಗಾರನೂ ಅಲ್ಲ, ಗಿರಾಕಿಯೂ ಅಲ್ಲ, ಅವನಿಗೆ ಪ್ರತಿಯಾಗಿ ಏನೂ ಸಿಗಲಿಲ್ಲ.

ಹೊಳೆಗಳ ಮರಳಿನಲ್ಲಿ ಅಷ್ಟು ಚಿನ್ನ ಇರಲಿಲ್ಲ. ಜನ ಹೊಲ ಬಿಟ್ಟು ಬೆಟ್ಟಗಳಿಗೆ ಓಡಿದರು, ಬರಗಾಲ ಬಂತು. ಚಿನ್ನದ ಬದಲು ಮನುಷ್ಯರನ್ನೇ ಸರಕು ಮಾಡಿದರು. 1495ರ ಫೆಬ್ರವರಿಯಲ್ಲಿ ಸುಮಾರು 550 ತೈನೋ ಜನರನ್ನು ಮಾರಾಟಕ್ಕೆಂದು ಸ್ಪೇನಿಗೆ ಹಡಗಿನಲ್ಲಿ ತುಂಬಿದರು. ಸುಮಾರು 200 ಮಂದಿ ಸಮುದ್ರದಲ್ಲೇ ಸತ್ತರು. ಧರ್ಮಪಂಡಿತರನ್ನು ಕೇಳಬೇಕೆಂದು ರಾಜ ರಾಣಿಯರು ಮಾರಾಟವನ್ನು ತಡೆಹಿಡಿದರು. ಆದರೆ ಮುಂದೆ ಬಂದ ಎಂಕೊಮಿಯೆಂದಾ ಪದ್ಧತಿಯಲ್ಲಿ ಗುಲಾಮರೆಂದು ಕರೆಯದೆಯೇ ಊರು ಊರುಗಳನ್ನು ವಸಾಹತುಗಾರರಿಗೆ ದುಡಿಯಲು ಹಂಚಿಕೊಟ್ಟರು. 1511ರಲ್ಲಿ ಮೊಂತೆಸಿನೋಸ್ ಎಂಬ ಪಾದ್ರಿ ಸಾಂತೋ ದೊಮಿಂಗೋದ ಚರ್ಚಿನಲ್ಲಿ, ಇವರು ಮನುಷ್ಯರಲ್ಲವೇ ಎಂದು ಅದೇ ವಸಾಹತುಗಾರರನ್ನು ಎದುರಿಗೇ ಕೇಳಿದ. ಅವರು ಅವನ ಮೇಲೆ ದೂರು ಕೊಟ್ಟರು. ದ್ವೀಪದಲ್ಲಿ ಮೊದಲು ಎಷ್ಟು ಜನರಿದ್ದರು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಹೆಚ್ಚಿನವರ ಅಂದಾಜು ಲಕ್ಷಗಳಲ್ಲಿದೆ. 1514ರಲ್ಲಿ ಹಂಚಿಕೆಗಾಗಿ ಎಣಿಸಿದಾಗ ಸಿಕ್ಕವರು ಸುಮಾರು 26 ಸಾವಿರ. ಸಿಡುಬು ಬಂದದ್ದು ಇದಾದ ಮೇಲೆ, 1518ರ ಕೊನೆಯಲ್ಲಿ. ಆದ್ದರಿಂದ ಎಲ್ಲವನ್ನೂ ಸಿಡುಬಿನ ಖಾತೆಗೆ ಬರೆಯಲು ಆಗುವುದಿಲ್ಲ.

ಡಬಲ್ ಎಂಟ್ರಿ ಪದ್ಧತಿಯನ್ನು ವಿವರಿಸಿದ ಲೂಕಾ ಪಾಚಿಯೋಲಿಯ ಪುಸ್ತಕ ವೆನಿಸ್‌ನಲ್ಲಿ ಅಚ್ಚಾದದ್ದು 1494ರಲ್ಲಿ, ಗೆಜ್ಜೆಯ ಕಪ್ಪ ಶುರುವಾಗುವ ಸ್ವಲ್ಪ ಮೊದಲು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು ಎಂಬುದು ಅದರ ನಿಯಮ. ಆ 200 ಜನರ ಸಾವನ್ನು ಯಾವ ಖಾತೆಯಲ್ಲಿ ತೋರಿಸುವುದು ಎಂದು ಕೇಳಿದರೆ, ದಾರಿಯಲ್ಲಿ ಹಾಳಾದ ಸರಕು ಎಂದು ನಮ್ಮ ಪುಸ್ತಕದ ನಿಯಮ ಹೇಳುತ್ತದೆ. ಆಗಿನ ವ್ಯಾಪಾರಿಗಳು ಬೇರೆ ಉತ್ತರ ಕೊಡುತ್ತಿದ್ದರು ಎಂದು ನನಗೆ ಅನಿಸುವುದಿಲ್ಲ.

ಪಾಲುದಾರರ ನಡುವೆಯೂ ಜಗಳವಾಯಿತು. 1500ರಲ್ಲಿ ಕೊಲಂಬಸನನ್ನು ಸರಪಳಿ ಹಾಕಿ ಸ್ಪೇನಿಗೆ ಕಳುಹಿಸಿದರು. ಬಿಡುಗಡೆಯಾದರೂ ಗವರ್ನರ್ ಅಧಿಕಾರ ಮರಳಿ ಸಿಗಲಿಲ್ಲ. ಲಾಭದ ಷರತ್ತಿನಲ್ಲೂ ತಕರಾರು. ಚಿನ್ನದಲ್ಲಿ ರಾಜನ ಪಾಲು ಐದನೇ ಒಂದು ಭಾಗ, ಅದರ ಹತ್ತನೇ ಒಂದು ಭಾಗ ಮಾತ್ರ ನಿನಗೆ ಎಂದರು. ಅಂದರೆ 10 ಪರ್ಸೆಂಟ್ ಎಂದು ನಂಬಿದವನಿಗೆ ಸಿಕ್ಕಿದ್ದು 2 ಪರ್ಸೆಂಟ್. ಅವನು 1506ರಲ್ಲಿ ತೀರಿಕೊಂಡ. 1508ರಿಂದ ಅವನ ಮಗ ದಿಯೆಗೋ ರಾಜನ ಮೇಲೆ ಮೊಕದ್ದಮೆ ಹೂಡಿದ. ಕರಾರಿನ ಒಂದೊಂದು ಷರತ್ತನ್ನೂ ವಕೀಲರು ವರ್ಷಗಟ್ಟಲೆ ವಾದಿಸಿದರು. 1536ರಲ್ಲಿ ರಾಜಿಯಾಯಿತು. ಮೊಮ್ಮಗ ಲೂಯಿಸ್‌ಗೆ ಅಡ್ಮಿರಲ್ ಬಿರುದು, ವರ್ಷಕ್ಕೆ 10,000 ಡುಕಾಟ್ ಹಣ, ಪನಾಮಾ ಕಡೆಯ ವೆರಾಗ್ವಾದಲ್ಲಿ ಒಂದಷ್ಟು ನೆಲ, ಜೊತೆಗೆ ಇಡೀ ಜಮೈಕಾ ದ್ವೀಪ ಸಿಕ್ಕಿತು. ಜಮೈಕಾದಲ್ಲಿ ಇದ್ದವರೂ ತೈನೋ ಜನರೇ.